ವರ್ಡ್‌ನಿಂದ ಲೇಟೆಕ್‌ಗೆ ಬಂದರೆ ಪ್ಯಾರಾ ಇಂಡೆಂಟ್ ಎಲ್ಲಾ ಕೆಡುತ್ತಿದೆ, ಅನುಭವ ಇದ್ದವರು ಹೇಳಿ

ರಾಯಚೂರಿನಿಂದ ಕೇಳುತ್ತಿದ್ದೇನೆ. ದಾಸರ ಕೀರ್ತನೆಗಳ ಮೇಲೆ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೇನೆ. ಅರ್ಧ ವರ್ಡ್‌ನಲ್ಲಿದೆ, ಹಳೆಯ ಅಧ್ಯಾಯಗಳು ಪೇಜ್‌ಮೇಕರ್ ಅನ್ನುವ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿವೆ. ಪ್ಯಾಂಡಾಕ್ (ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ತಂತ್ರಾಂಶ) ಹಾಕಿ ಎಲ್ಲವನ್ನೂ ಲೇಟೆಕ್‌ಗೆ (ಕಮಾಂಡ್ ಬರೆದು ಪುಟ ಜೋಡಿಸುವ ತಂತ್ರಾಂಶ) ತರುತ್ತಿದ್ದೇನೆ. ಪ್ಯಾರಾ ಶುರುವಿನ ಜಾಗ, ಅಂದರೆ ಇಂಡೆಂಟ್, ಮಾಯ. ಕೆಲವು ಪ್ಯಾರಾಗಳು ಇಡಿಯಾಗಿ ಒಳಗೆ ಸರಿದಿವೆ. ಪೇಜ್‌ಮೇಕರ್‌ನಿಂದ ತೆಗೆದ ಷಟ್ಪದಿಗಳಂತೂ ಗದ್ಯದ ಹಾಗೆ ಅಂಟಿಕೊಂಡಿವೆ. ಒಂದೊಂದಾಗಿ ಕೈಯಲ್ಲೇ ಸರಿ ಮಾಡಬೇಕಾ?

—

ಕೈಯಲ್ಲಿ ಖಂಡಿತ ಮಾಡಬೇಡಿ. ನಾನು ಬಳ್ಳಾರಿಯಲ್ಲಿ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ, ಇಂಥ ಫೈಲುಗಳು ಬರುತ್ತಲೇ ಇರುತ್ತವೆ. ಲೇಟೆಕ್ ಸ್ವಲ್ಪ ಪಕ್ಕಕ್ಕಿಡಿ. ವರ್ಡ್ ಫೈಲ್ ತೆರೆದು ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ. ಪ್ಯಾರಾ ಶುರುವಿನಲ್ಲಿ ಚುಕ್ಕಿಗಳು ಕಂಡರೆ ಯಾರೋ ಸ್ಪೇಸ್ ಬಾರ್ ಒತ್ತಿದ್ದಾರೆ. ಬಾಣ ಕಂಡರೆ ಟ್ಯಾಬ್. ಎರಡೂ ಇಲ್ಲದೆ ಜಾಗ ಬಿಟ್ಟಿದ್ದರೆ ಅದು ರೂಲರ್‌ನಿಂದಲೋ ಸ್ಟೈಲ್‌ನಿಂದಲೋ ಬಂದದ್ದು. ಕಾಗದದ ಮೇಲೆ ಮೂರೂ ಒಂದೇ ಥರ ಕಾಣುತ್ತವೆ, ಆದರೆ ಬೇರೆ ಕಡೆ ಹೋದ ಕೂಡಲೇ ಒಂದೊಂದಕ್ಕೆ ಒಂದೊಂದು ಗತಿ: ಸಾಲಿನ ಶುರುವಿನ ಸ್ಪೇಸ್ ಮತ್ತು ಟ್ಯಾಬ್‌ಗಳನ್ನು ಲೇಟೆಕ್ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ರೂಲರ್‌ನಲ್ಲಿ ಪೂರ್ತಿ ಪ್ಯಾರಾವನ್ನು ಎಡದಿಂದ ಒಳಗೆ ತಳ್ಳಿದ್ದರೆ ಪ್ಯಾಂಡಾಕ್ ಅದನ್ನು ಉದ್ಧರಣೆ ಅಂದುಕೊಳ್ಳುತ್ತದೆ. ನಿಮ್ಮ ಪ್ಯಾರಾಗಳು ಇಡಿಯಾಗಿ ಸರಿದಿರುವುದು ಬಹುಶಃ ಅದಕ್ಕೇ.

ಹಾಗಾಗಿ ಫೈಂಡ್ ರಿಪ್ಲೇಸ್‌ನಲ್ಲಿ ಕ್ಯಾರೆಟ್ ಪಿ (^p, ಪ್ಯಾರಾ ಗುರುತು), ಕ್ಯಾರೆಟ್ ಟಿ (^t, ಟ್ಯಾಬ್) ಎರಡನ್ನೂ ಸೇರಿಸಿ ^p^t ಅಂತ ಹುಡುಕಿ, ಜಾಗದಲ್ಲಿ ಬರೀ ಕ್ಯಾರೆಟ್ ಪಿ ಹಾಕಿ. ಆಮೇಲೆ ಕ್ಯಾರೆಟ್ ಪಿ ಮತ್ತು ಒಂದು ಸ್ಪೇಸ್ ಹುಡುಕಿ ಅದೇ ರೀತಿ ಬದಲಿಸಿ. ಸೊನ್ನೆ ಬದಲಾವಣೆ ಅಂತ ಬರುವವರೆಗೂ ರಿಪ್ಲೇಸ್ ಆಲ್ ಒತ್ತುತ್ತಿರಿ. ಸಾಧಾರಣ ಪ್ಯಾರಾಕ್ಕೆ ಒಂದು ಸ್ಟೈಲ್, ಉದ್ಧರಣೆಗೆ ಒಂದು, ಪದ್ಯಕ್ಕೆ ಒಂದು ಮಾಡಿ. ಇಂಡೆಂಟ್ ಅನ್ನುವುದು ಸ್ಟೈಲ್‌ನಲ್ಲಿ ಇರಬೇಕು, ಅಕ್ಷರಗಳ ನಡುವೆ ಇರಬಾರದು. ಇದೊಂದು ಆದರೆ ಮುಂದಿನದು ಸಲೀಸು.

ಇನ್ನು ಜಾಗವೇ ಮಾಯ ಆಗಿದ್ದು. ಪ್ಯಾಂಡಾಕ್‌ನ ಮಾಮೂಲಿ ಲೇಟೆಕ್ ಟೆಂಪ್ಲೇಟ್ ಇಂಡೆಂಟ್ ತೆಗೆದು, ಪ್ಯಾರಾಗಳ ನಡುವೆ ಜಾಗ ಬಿಡುತ್ತದೆ. ಇಂಡೆಂಟ್ ಅನ್ನುವ ವೇರಿಯಬಲ್ ಟ್ರೂ ಮಾಡಿ, ವಾಪಸ್ ಬರುತ್ತದೆ. ಬಂದ ಮೇಲೂ ಶೀರ್ಷಿಕೆಯ ಕೆಳಗಿನ ಮೊದಲ ಪ್ಯಾರಾ ಎಡ ಅಂಚಿಗೇ ಇರುತ್ತದೆ. ಅದು ದೋಷ ಅಲ್ಲ, ಲೇಟೆಕ್‌ನ ಪದ್ಧತಿಯೇ ಹಾಗೆ. ನಿಮ್ಮ ಗೈಡ್‌ಗೆ ಅದೂ ಒಳಗೇ ಬೇಕು ಅಂದರೆ ಇಂಡೆಂಟ್‌ಫಸ್ಟ್ ಪ್ಯಾಕೇಜ್ ಸೇರಿಸಿ, ಅಷ್ಟೇ.

ಅಳತೆಯೂ ಬೇರೆ ಆಗುತ್ತದೆ. ವರ್ಡ್‌ನ ಟ್ಯಾಬ್ ಅರ್ಧ ಇಂಚು, ಅಂದರೆ 36 ಪಾಯಿಂಟ್. ಲೇಟೆಕ್‌ನ ಆರ್ಟಿಕಲ್ ಕ್ಲಾಸ್‌ನಲ್ಲಿ 10 ಪಾಯಿಂಟ್ ಅಕ್ಷರಕ್ಕೆ ಇಂಡೆಂಟ್ 15 ಪಾಯಿಂಟ್ ಮಾತ್ರ. ಕಮ್ಮಿ ಆಯ್ತು ಅಂತ ಗಾಬರಿ ಬೇಡ, ಪಾರ್‌ಇಂಡೆಂಟ್‌ಗೆ ಬೇಕಾದ ಅಳತೆ ಕೊಡಿ. ನನಗಂತೂ ಅರ್ಧ ಇಂಚು ಜಾಸ್ತಿ ಅನಿಸುತ್ತದೆ. ಎ4ನಲ್ಲಿ ನಡೆದೀತು, ಮುಂದೆ ಡೆಮಿ 1/8 ಪುಸ್ತಕ ಮಾಡಿದರೆ ಆ ಸಣ್ಣ ಸಾಲಿನಲ್ಲಿ ದೊಡ್ಡ ಹಳ್ಳ ಬಿದ್ದ ಹಾಗೆ ಕಾಣುತ್ತದೆ.

—

ಕೊಪ್ಪಳದಿಂದ. ಮೇಲಿನವರು ಹೇಳಿದ್ದೆಲ್ಲ ಸರಿ, ಪದ್ಯದ ಮಾತು ಉಳಿಯಿತು. ಪದ್ಯವನ್ನು ಪ್ಯಾರಾ ಅಂತ ನೋಡಲೇಬೇಡಿ. ವರ್ಸ್ ಪ್ಯಾಕೇಜ್ ಬಳಸಿ, ಪ್ರತಿ ಸಾಲಿನ ಕೊನೆಗೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ. ಷಟ್ಪದಿಯಲ್ಲಿ 3 ಮತ್ತು 6ನೇ ಸಾಲು ಉದ್ದ ಅಲ್ವಾ, ಅವೆರಡನ್ನು ಒಳಗೆ ಇಡಬೇಕೆಂದರೆ ಇಂಡೆಂಟ್‌ಪ್ಯಾಟರ್ನ್ ಅಂತ ಒಂದು ಕಮಾಂಡ್ ಇದೆ. ಅದಕ್ಕೆ 001001 ಅಂತ ಕೊಟ್ಟು ಪದ್ಯವನ್ನು ಪ್ಯಾಟ್‌ವರ್ಸ್ ಒಳಗೆ ಇಟ್ಟರೆ ಮುಗಿಯಿತು. ಸೊನ್ನೆ ಇದ್ದ ಸಾಲು ಅಂಚಿಗೆ, ಒಂದು ಇದ್ದ ಸಾಲು ಒಳಗೆ. ಆರು ಅಂಕಿ, ಆರು ಸಾಲು. ಒಂದು ಎಚ್ಚರ: ಉದ್ದ ಸಾಲು ಅಗಲ ಸಾಲದೆ ಮುರಿದು ಕೆಳಗೆ ಬಂದಾಗ ಆ ತುಂಡೂ ಒಳಗೆ ಸರಿಯುತ್ತದೆ. ಅದರ ಅಳತೆ 3ನೇ ಸಾಲಿನ ಅಳತೆಯಷ್ಟೇ ಇದ್ದರೆ ಓದುವವರಿಗೆ ಏಳು ಸಾಲಿನ ಪದ್ಯ ಅನಿಸಿಬಿಡುತ್ತದೆ. ಎರಡಕ್ಕೂ ಬೇರೆ ಬೇರೆ ಅಳತೆ ಇರಲಿ.

ಪದ್ಯ ಮುಗಿದ ಮೇಲೆ ಅದೇ ವಾಕ್ಯ ಮುಂದುವರಿದರೆ ನಡುವೆ ಖಾಲಿ ಸಾಲು ಬಿಡಬೇಡಿ. ಖಾಲಿ ಸಾಲು ಬಿಟ್ಟರೆ ಲೇಟೆಕ್ ಹೊಸ ಪ್ಯಾರಾ ಅಂತ ಇಂಡೆಂಟ್ ಹಾಕುತ್ತದೆ. ‘ಎಂದು ದಾಸರು ಹೇಳುತ್ತಾರೆ’ ಅನ್ನುವುದು ಹೊಸ ಪ್ಯಾರಾ ಆಗಿ ನಿಂತರೆ ಎಷ್ಟು ಕೆಟ್ಟದಾಗಿ ಕಾಣುತ್ತದೆ, ನೋಡಿ.

—

ರಾಯಚೂರಿನಿಂದ ಮತ್ತೆ: ಫೈಂಡ್ ರಿಪ್ಲೇಸ್ ಮಾಡಿದೆ, ಗದ್ಯ ಪೂರ್ತಿ ಸರಿ ಹೋಯಿತು. ತುಂಬಾ ಉಪಕಾರ ಆಯಿತು. ಪೇಜ್‌ಮೇಕರ್ ಅಧ್ಯಾಯಗಳಿಗೆ ಏನು ಮಾಡಲಿ?

—

ಬಳ್ಳಾರಿಯಿಂದ ಮತ್ತೆ. ಅದರಿಂದ ಬರೀ ಪಠ್ಯ ಹೊರಗೆ ತೆಗೆದರೆ ಕಂಟ್ರೋಲ್ ಐ ಒತ್ತಿ ಕೊಟ್ಟ ಇಂಡೆಂಟ್ ಬರುವುದಿಲ್ಲ, ಟ್ಯಾಬ್ ಒತ್ತಿದ್ದು ಮಾತ್ರ ಹಾಗೇ ಬರುತ್ತದೆ. ಆದ್ದರಿಂದ ಮೊದಲು ನುಡಿಯಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿವೆಯಾ ನೋಡಿ, ಆಮೇಲೆ ಟ್ಯಾಬ್ ತೆಗೆಯಿರಿ. ಪದ್ಯಗಳ ಪುಟ ಬಂದಾಗ ಮಾತ್ರ ಹಳೆಯ ಪ್ರಿಂಟ್ ಪಕ್ಕದಲ್ಲಿರಲಿ, ಸಾಲು ಎಲ್ಲಿ ಮುರಿಯುತ್ತದೆ ಅನ್ನುವುದಕ್ಕೆ ಅದೇ ಆಧಾರ. ಮತ್ತೆ, ಲೇಟೆಕ್ ಫೈಲಿನಿಂದ ಪಿಡಿಎಫ್ ಮಾಡುವುದಕ್ಕೆ ಪಿಡಿಎಫ್‌ಲೇಟೆಕ್ ಬೇಡ, ಕನ್ನಡಕ್ಕೆ ಝೀಲೇಟೆಕ್ ಅಥವಾ ಲುವಾಲೇಟೆಕ್ ಇಟ್ಟುಕೊಳ್ಳಿ.