ವಿರೋಧ, ಆಕ್ಷೇಪ, ತಕರಾರು: ಸ್ಪ್ಯಾನಿಷ್‌ಗೆ ಹೇಗೆ ತರುತ್ತೀರಿ?

ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡುವ ಕೆಲಸ ಈಗಷ್ಟೇ ಶುರು ಮಾಡಿದ್ದೇನೆ. ಅಪೋಸ್, ಆಬ್ಜೆಕ್ಟ್, ಡಿಸ್‌ಅಗ್ರೀ, ಡಿಸೆಂಟ್, ಕಾಂಟೆಸ್ಟ್, ಡಿಸ್‌ಪ್ಯೂಟ್ ಥರದ ಪದ ಬಂದರೆ ಕೈ ಅಲ್ಲೇ ನಿಲ್ಲುತ್ತದೆ. ಡಿಕ್ಷನರಿ ತೆಗೆದರೆ ಒಂದೊಂದಕ್ಕೂ ಸಾಲುಗಟ್ಟಲೆ ಪದ. ಪಳಗಿದವರು ಹೇಗೆ ಆರಿಸುತ್ತೀರಿ? ಸ್ವಲ್ಪ ಹೇಳಿಕೊಡಿ.

* * *

ನಾನು ಹೆಚ್ಚಾಗಿ ಕೋರ್ಟಿನ ಕಾಗದಪತ್ರ ಅನುವಾದಿಸುವವಳು. ಯಾರು ಯಾರ ಎದುರು ನಿಂತಿದ್ದಾರೆ, ಯಾವ ದೇಶದಲ್ಲಿ ಅಂತ ಮೊದಲು ನೋಡುತ್ತೇನೆ. ಪದ ಹುಡುಕುವುದು ಆಮೇಲೆ.

ಕಾಂಟೆಸ್ಟ್ ತಗೊಳ್ಳಿ. ಸ್ಪ್ಯಾನಿಷ್‌ನಲ್ಲಿ ಅದೇ ಮುಖದ 'ಕೊಂತೆಸ್ತಾರ್' ಇದೆ. ಆದರೆ ಅದರ ಅರ್ಥ ಉತ್ತರ ಕೊಡುವುದು, ಫೋನ್ ಎತ್ತುವುದಕ್ಕೂ ಅದೇ. ಉಯಿಲು, ಚುನಾವಣೆ ಫಲಿತಾಂಶ, ತೀರ್ಪು ಇವನ್ನು ಪ್ರಶ್ನಿಸುವುದಾದರೆ 'ಇಂಪುಗ್ನಾರ್' ಬೇಕು. ತಮಾಷೆ ಅಂದರೆ 'ಕೊಂತೆಸ್ತಾರ್ ಲಾ ದೆಮಾಂದ' ಕೂಡ ಅಪ್ಪಟ ಕೋರ್ಟಿನ ಮಾತೇ. ದಾವೆಗೆ ಪ್ರತಿವಾದಿ ತನ್ನ ಉತ್ತರ ಸಲ್ಲಿಸುವುದು ಅಂತ ಅದರ ಅರ್ಥ. ಈ ನ್ಯಾಯಾಧೀಶರು ನಮ್ಮ ಕೇಸು ಕೇಳುವುದು ಬೇಡ ಅಂತ ತಕರಾರು ಎತ್ತಿದರೆ ಅದು 'ರೆಕುಸಾರ್'.

ಡಿಸೆಂಟ್ ಇದಕ್ಕಿಂತ ಜಾಸ್ತಿ ಕಾಡುತ್ತದೆ. ಪೀಠದಲ್ಲಿ ಒಬ್ಬರು ಬಹುಮತಕ್ಕೆ ಒಪ್ಪದೆ ಬೇರೆಯಾಗಿ ಬರೆಯುತ್ತಾರಲ್ಲ, ಅದಕ್ಕೆ ಸ್ಪೇನ್‌ನಲ್ಲಿ 'ವೋತೊ ಪರ್ತಿಕುಲಾರ್', ಕೊಲಂಬಿಯಾದಲ್ಲಿ 'ಸಾಲ್ವಮೆಂತೊ ದೆ ವೋತೊ', ಅರ್ಜೆಂಟೀನಾದಲ್ಲಿ 'ದಿಸಿದೆನ್ಸಿಯ'. ಬೊಗೊಟಾದ ವಕೀಲರಿಗೆ ಸ್ಪೇನ್ ಪದ ಕಳಿಸಿದರೆ ಅರ್ಥವೇನೋ ಆಗುತ್ತದೆ, ಆದರೆ ಬರೆದದ್ದು ಹೊರಗಿನವರು ಅಂತ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಇನ್ನೊಂದು ತೊಡಕಿದೆ. ಸ್ಪೇನ್‌ನಲ್ಲಿ ತೀರ್ಪಿಗೆ ಒಪ್ಪಿ, ಕೊಟ್ಟ ಕಾರಣಗಳಿಗೆ ಮಾತ್ರ ಒಪ್ಪದವರು ಬರೆದದ್ದೂ 'ವೋತೊ ಪರ್ತಿಕುಲಾರ್' ಆಗಬಹುದು. ಕೊಲಂಬಿಯಾದಲ್ಲಿ ಅದಕ್ಕೆ ಬೇರೆಯೇ ಹೆಸರು, 'ಅಕ್ಲಾರಸ್ಯೋನ್ ದೆ ವೋತೊ'. ಹಾಗಾಗಿ ಮುಂದಿನ ಪ್ಯಾರಾ ಓದದೆ ಯಾವುದನ್ನೂ ಹಾಕಬೇಡಿ.

* * *

ನನ್ನದು ಸಬ್‌ಟೈಟಲ್ ಕೆಲಸ. ಕೋರ್ಟ್ ಸೀನಿನ 'ಆಬ್ಜೆಕ್ಷನ್!' ಸ್ಪೇನ್‌ನ ಪ್ರೇಕ್ಷಕರಿಗೆ 'ಪ್ರೊತೆಸ್ತೊ!', ಲ್ಯಾಟಿನ್ ಅಮೆರಿಕದವರಿಗೆ 'ಒಬ್ಹೆಸ್ಯೋನ್!'.

ಹೊಸಬರು ಜಾಸ್ತಿ ಎಡವುವುದು 'ದಿಸ್ಕುತೀರ್' ಹತ್ತಿರ. ನೋಡಲು ಡಿಸ್ಕಸ್ ಥರ ಇದೆ, ಮೀಟಿಂಗ್ ವರದಿಗಳಲ್ಲಿ ಆ ಅರ್ಥ ನಡೆಯುತ್ತದೆ ಕೂಡ. ಆದರೆ ಮನೆಮಾತಿನಲ್ಲಿ ಅದು ಜಗಳ. 'ನಿನ್ನೆ ಬಾಸ್ ಜೊತೆ ಡಿಸ್ಕಸ್ ಮಾಡಿದೆ' ಎಂಬ ಡೈಲಾಗಿಗೆ ಇದನ್ನು ಹಾಕಿದರೆ ಬಾಸ್ ಜೊತೆ ಕಿತ್ತಾಡಿಕೊಂಡು ಬಂದ ಹಾಗೆ ಕೇಳುತ್ತದೆ. ಅಲ್ಲಿ 'ಅಬ್ಲಾರ್' ಹಾಕಿ, ಸುಮ್ನೆ ಮಾತಾಡಿದೆ ಅಂತ. ಗಂಡ ಹೆಂಡತಿ ಆರ್ಗ್ಯೂ ಮಾಡುತ್ತಿದ್ದರೆ ಆಗ ಧೈರ್ಯವಾಗಿ 'ದಿಸ್ಕುತೀರ್'. ನಾವು ಹೂಂ ಅಂದರೆ ಬೇಕೆಂದೇ ಊಹೂಂ ಅನ್ನುವವರಿಗೆ 'ಯೆವಾರ್ ಲಾ ಕೊಂತ್ರಾರಿಯ'. ಹಾಸ್ಯದ ಸೀನಿಗೆ ಬಹಳ ಚೆನ್ನಾಗಿ ಕೂರುತ್ತದೆ.

ಈರುಳ್ಳಿ ನನಗೆ ಡಿಸ್‌ಅಗ್ರೀ ಆಗುತ್ತದೆ ಅಂತ ಇಂಗ್ಲಿಷ್‌ನವರು ಹೇಳುತ್ತಾರಲ್ಲ, ಅಲ್ಲಿ ಭಿನ್ನಾಭಿಪ್ರಾಯ ಹುಡುಕಬೇಡಿ. 'ನೊ ಮೆ ಸಿಯೆಂತ ಬಿಯೆನ್'. ನನಗೆ ಆಗಿಬರಲ್ಲ, ಅಷ್ಟೇ.

* * *

ಸುದ್ದಿ ಅನುವಾದಿಸುವವನಾಗಿ ಎರಡು ಮಾತು. ವೆನೆಜುವೆಲಾದ ಸುದ್ದಿಯಲ್ಲಿ 'ಒಪೊಸಿತೋರ್' ಅಂದರೆ ಸರ್ಕಾರದ ವಿರೋಧಿ. ಸ್ಪೇನ್‌ನಲ್ಲಿ ಅದೇ ಪದ ಕೇಳಿದರೆ ಜನರಿಗೆ ಮೊದಲು ನೆನಪಾಗುವುದು ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿರುವವರು. ನಮ್ಮ ವಿಜಯನಗರದಲ್ಲಿ ಕೋಚಿಂಗ್ ಸೇರಿ ಕೆಪಿಎಸ್‌ಸಿಗೆ ಓದುತ್ತಾರಲ್ಲ, ಅಂಥವರು. ಆ ಪರೀಕ್ಷೆಗಳ ಹೆಸರೇ 'ಒಪೊಸಿಸ್ಯೋನೆಸ್'.

ಪಕ್ಷದೊಳಗಿನ ಭಿನ್ನಮತೀಯರಿಗೆ ಸ್ಪೇನ್ ಪತ್ರಿಕೆಗಳು ಹೆಚ್ಚಾಗಿ 'ಕ್ರಿತಿಕೊಸ್' ಅನ್ನುತ್ತವೆ. ಚಿಲಿಯಲ್ಲಿ 'ದಿಸ್ಕೊಲೊಸ್', ಹೇಳಿದ ಮಾತು ಕೇಳದ ಹುಡುಗರಿಗೂ ಅದೇ ಪದ! ಕೊಲಂಬಿಯಾದ ಸುದ್ದಿಯಲ್ಲಿ 'ದಿಸಿದೆನ್ಸಿಯಸ್' ಅಂತ ಬಹುವಚನ ಬಂದರೆ ಹುಷಾರು. ಮೇಲೆ ಹೇಳಿದ ನ್ಯಾಯಾಧೀಶರ ಭಿನ್ನಮತ ಅಲ್ಲ ಅದು. 2016ರ ಶಾಂತಿ ಒಪ್ಪಂದದ ಹಾದಿಯಿಂದ ಹೊರಗುಳಿದು ಬಂದೂಕು ಹಿಡಿದ, ಫಾರ್ಕ್ ಎಂಬ ಗೆರಿಲ್ಲಾ ಸಂಘಟನೆಯ ಬಣಗಳು.

* * *

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ? ಡಿಸ್‌ಅಗ್ರೀ ಬಂದಾಗ ನಾನು ಎಲ್ಲ ಕಡೆ 'ನೊ ಎಸ್ತೊಯ್ ದೆ ಅಕ್ವೆರ್ದೊ' ಹಾಕುತ್ತೇನೆ. ಯಾವ ದೇಶದಲ್ಲೂ ನಡೆಯುತ್ತದೆ.

* * *

ಕೋರ್ಟ್ ಕಾಗದದವಳೇ ಮತ್ತೆ. ಮಾತಿಗೆ ಸರಿ. ಆದರೆ ವರದಿಯಲ್ಲಿ ಪುಟದ ತುಂಬ ಅದೇ ಬಂದರೆ ಮಕ್ಕಳ ವಾದದ ಥರ ಆಗುತ್ತದೆ. ಬರಹಕ್ಕೆ 'ದಿಸ್ಕ್ರೆಪಾರ್' ಇದೆ, ಒಪ್ಪದಿದ್ದರೂ ಮರ್ಯಾದೆ ಉಳಿಸುವ ಪದ. ಅಪೋಸ್‌ಗೆ 'ಒಪೊನೆರ್ಸೆ', ಹಿಂದೆಯೇ 'ಆ' ಬರಲೇಬೇಕು: 'ಮೆ ಒಪೊಂಗೊ ಆ ಲಾ ವೆಂತ', ಮಾರಾಟಕ್ಕೆ ನನ್ನ ವಿರೋಧ ಇದೆ. ಅವರು ಮಾರುವುದನ್ನು ವಿರೋಧಿಸುತ್ತೇನೆ ಅನ್ನುವಾಗ 'ಮೆ ಒಪೊಂಗೊ ಆ ಕೆ ಲೊ ವೆಂದಾನ್'. 'ವೆಂದೆನ್' ಅಲ್ಲ, ಸಬ್‌ಜಂಕ್ಟಿವ್, ಅಂದರೆ ಬಯಕೆ, ಅನುಮಾನ, ವಿರೋಧದಂಥ ಮಾತಿನ ಜೊತೆ ಬರುವ ಕ್ರಿಯಾಪದದ ರೂಪ. ಪರಿಶೀಲಿಸುವವರು ಕೆಂಪು ಗೆರೆ ಎಳೆಯುವುದು ಹೆಚ್ಚಾಗಿ ಇಲ್ಲೇ.

* * *

ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ಡಿಸ್‌ಪ್ಯೂಟ್ ಒಂದು ಉಳಿಯಿತು. ಕಾರ್ಡಿನ ಮೇಲೆ ಬಂದ ಚಾರ್ಜನ್ನು ಡಿಸ್‌ಪ್ಯೂಟ್ ಮಾಡುವುದಕ್ಕೆ 'ದಿಸ್ಪುತಾರ್' ಆಗುತ್ತದಾ?

* * *

ಅಮೆರಿಕದ ಬ್ಯಾಂಕುಗಳ ಸ್ಪ್ಯಾನಿಷ್‌ನಲ್ಲಿ ಕಾಣುತ್ತದೆ. ಉಳಿದ ಕಡೆ 'ದಿಸ್ಪುತಾರ್' ಅಂದರೆ ಮುಖ್ಯವಾಗಿ ಪಂದ್ಯ ಆಡುವುದು, ಪಟ್ಟಕ್ಕೆ ಸೆಣಸುವುದು. 2022ರ ವಿಶ್ವಕಪ್ ಫೈನಲ್ ಲುಸೈಲ್‌ನಲ್ಲಿ 'ಸೆ ದಿಸ್ಪುತೊ', ಅಂದರೆ ನಡೆಯಿತು. ಮೆಕ್ಸಿಕೊ ಗ್ರಾಹಕರಿಗಾದರೆ 'ಕಾರ್ಗೊ ನೊ ರೆಕೊನೊಸಿದೊ' ಬರೆಯಿರಿ, ನಾನು ಮಾಡದ ಖರ್ಚು ಅಂತ. ನಿಮ್ಮ ಗ್ರಾಹಕರು ಯಾವ ದೇಶದವರು?