ಸಹಾಯ ಬೇಕು: ಹಳೇ ಕ್ಯಾಮೆರಾದ ಎಂಟಿಎಸ್ ಕ್ಲಿಪ್‌ಗೆ ಸದ್ದಿಲ್ಲ

ಅಪ್ಪನ ಅರವತ್ತಕ್ಕೆ ಒಂದು ವಿಡಿಯೋ ಮಾಡುತ್ತಿದ್ದೇನೆ. 2012ರ ಡಿಜಿಟಲ್ ಕ್ಯಾಮೆರಾದ 34 ಕ್ಲಿಪ್‌ಗಳಿವೆ, ಎಲ್ಲಾ ಎಂಟಿಎಸ್ ಫೈಲು. ವಿಎಲ್‌ಸಿ ಪ್ಲೇಯರಿನಲ್ಲಿ ಚೆನ್ನಾಗಿಯೇ ಓಡುತ್ತವೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಚಿತ್ರ ಮಾತ್ರ, ಸದ್ದೇ ಇಲ್ಲ. ಆಡಿಯೋ ಎಸಿ-3 ಅನ್ನೋ ಫಾರ್ಮ್ಯಾಟಿನಲ್ಲಿದೆ, ಅದಕ್ಕೇ ಇರಬೇಕು ಅಲ್ವಾ?

ಸುಮ್ನೆ ಫೈಲಿನ ಕೊನೆಗೆ ಎಂಪಿ4 ಅಂತ ಹೆಸರು ಬದಲಿಸಿ ನೋಡಿದೆ (ನಗಬೇಡಿ), ಆಗಲಿಲ್ಲ. ಆಮೇಲೆ ಒಂದು ಉಚಿತ ಕನ್ವರ್ಟರ್‌ನಲ್ಲಿ ಎಂಪಿ4 ಮಾಡಿದೆ. ಸದ್ದು ಬಂತು. ಆದರೆ ಅಜ್ಜಿ ಆರತಿ ಎತ್ತುವಾಗ ಕೈಯ ಅಂಚಿಗೆಲ್ಲಾ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು! ಮೂಲ ಕ್ಲಿಪ್ 1080 ಇಂಟರ್‌ಲೇಸ್ಡ್ (ಒಂದೊಂದು ಫ್ರೇಮೂ ಸರಿ ಗೆರೆ, ಬೆಸ ಗೆರೆ ಅಂತ ಎರಡು ಅರ್ಧ ಚಿತ್ರವಾಗಿರುತ್ತದಲ್ಲ, ಅದು).

ಚಿತ್ರವನ್ನು ಮುಟ್ಟದೆ ಆಡಿಯೋ ಮಾತ್ರ ಎಎಸಿ ಫಾರ್ಮ್ಯಾಟಿಗೆ ಬದಲಿಸಬಹುದಾ? ಇಲ್ಲಾ ಕನ್ವರ್ಟ್ ಮಾಡುವಾಗಲೇ ಡಿಇಂಟರ್‌ಲೇಸ್ (ಆ ಅರ್ಧ ಚಿತ್ರಗಳಿಂದ ಪೂರ್ತಿ ಫ್ರೇಮ್) ಮಾಡಬೇಕಾ? ಮಾಡುವುದಾದರೆ ಸೆಕೆಂಡಿಗೆ 25 ಫ್ರೇಮ್ ಇಡಲಾ, 50 ಇಡಲಾ?