ರಜೆ ಮುಗಿಯಿತು, ಕೆಲಸಗಾರ ಬರುವ ಹಾಗಿಲ್ಲ. ಏನು ಮಾಡಲಿ?

ಕಾರವಾರದಿಂದ ಪ್ರಶ್ನೆ

ಬೈತಖೋಲ್ ಬಂದರಿನ ಹತ್ತಿರ ನಮ್ಮದೊಂದು ಐಸ್ ಪ್ಲಾಂಟ್ ಇದೆ. ಹದಿನಾಲ್ಕು ಜನ ಇದ್ದಾರೆ. ಎಲ್ಲರಿಗೂ ಇಎಸ್‌ಐ (ಕಾರ್ಮಿಕರ ವಿಮೆ), ಪಿಎಫ್ ಕಟ್ಟುತ್ತೇವೆ. ಒಂಬತ್ತು ವರ್ಷದಿಂದ ಇರುವ ಒಬ್ಬರಿಗೆ ಬೆನ್ನಿನ ಡಿಸ್ಕ್ ಜಾರಿ ಮಣಿಪಾಲದಲ್ಲಿ ಆಪರೇಷನ್ ಆಯಿತು. ಇಎಸ್‌ಐ ಕೊಡುವ 91 ದಿನದ ಕಾಯಿಲೆ ಭತ್ಯೆ ಈ ವಾರ ಮುಗಿಯುತ್ತದೆ. ಅವರಿಗೆ ಇನ್ನೂ ಜಾಸ್ತಿ ಹೊತ್ತು ಕೂರಲೂ ಆಗುವುದಿಲ್ಲ. ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗಿಳಿದರೆ ನಮಗೆ ಹಗಲು ರಾತ್ರಿ ಕೆಲಸ, ಬದಲಿ ಜನ ಬೇಕೇ ಬೇಕು. ಲೆಕ್ಕ ಬರೆಯುವವರು "ಒಂದು ರಾಜೀನಾಮೆ ಬರೆಸಿಕೊಂಡು ಹೆಸರು ತೆಗೆದುಬಿಡಿ" ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಿಭಾಯಿಸಿದವರು ಇದ್ದರೆ ಹೇಳಿ.

ಶಿರಸಿಯಿಂದ (ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಆಫೀಸು ನೋಡಿಕೊಂಡು ನಿವೃತ್ತನಾದವನು)

ಮೊದಲು ಆ ರಾಜೀನಾಮೆ ವಿಚಾರ ಬಿಡಿ ಮಾರಾಯ್ರೇ. 91 ದಿನಕ್ಕೆ ಎಲ್ಲ ಮುಗಿಯಿತು ಅಂತ ಯಾರು ಹೇಳಿದ್ದು? ಮಾಮೂಲಿ ಕಾಯಿಲೆ ಭತ್ಯೆ 91 ದಿನ, ಸಂಬಳದ ಶೇ. 70. ಅದು ಮುಗಿದ ಮೇಲೆ ದೀರ್ಘ ಕಾಯಿಲೆಗಳಿಗೆ ಬೇರೆ ಭತ್ಯೆ ಇದೆ, ಶೇ. 80. ಅದಕ್ಕೆ 34 ಕಾಯಿಲೆಗಳ ಪಟ್ಟಿ ಮಾಡಿದ್ದಾರೆ. ಟಿಬಿ, ಕ್ಯಾನ್ಸರ್, ಪಾರ್ಶ್ವವಾಯು ಇದ್ದ ಹಾಗೆ ಡಿಸ್ಕ್ ಜಾರುವುದೂ ಅದರಲ್ಲಿದೆ. ಎರಡು ವರ್ಷ ಸರ್ವೀಸು ಆಗಿರಬೇಕು, ಆ ಅವಧಿಯಲ್ಲಿ ಕನಿಷ್ಠ 156 ದಿನದ ವಂತಿಗೆ ಇರಬೇಕು. ನಿಮ್ಮವರಿಗೆ ಒಂಬತ್ತು ವರ್ಷ ಆಗಿದೆ, ಅದು ತೊಂದರೆಯೇ ಅಲ್ಲ. ಡಾಕ್ಟರು ಬರೆದುಕೊಟ್ಟ ಹಾಗೆ ಮುಂದುವರಿಯುತ್ತಾ ಹೆಚ್ಚೆಂದರೆ ಎರಡು ವರ್ಷದವರೆಗೆ ಹೋಗುತ್ತದೆ.

ಕೊಡುವುದು ಇಎಸ್‌ಐ, ನೀವಲ್ಲ. ಹಾಗಾಗಿ ಬದಲಿ ಜನ ಇಟ್ಟುಕೊಂಡರೆ ಎರಡೆರಡು ಸಂಬಳದ ಹೊರೆ ಬೀಳುವುದಿಲ್ಲ. ಹೊಸಬರ ಪತ್ರದಲ್ಲಿ ಮಾತ್ರ "ಇಂಥವರು ಕೆಲಸಕ್ಕೆ ಮರಳುವವರೆಗೆ" ಅಂತ ಬರೆಯಿರಿ. ಬಾಯಿಮಾತಲ್ಲಿ ಹೇಳಿದರೆ ಆಮೇಲೆ ಇಬ್ಬರೂ ನಿಮ್ಮ ಬಾಗಿಲಿಗೆ ಬರುತ್ತಾರೆ.

ಕಾಯಿಲೆ ಭತ್ಯೆ ಪಡೆಯುತ್ತಿರುವಾಗ ತೆಗೆಯುವಂತಿಲ್ಲ, ಆಗ ಕೊಟ್ಟ ನೋಟಿಸಿಗೆ ಬೆಲೆಯೂ ಇಲ್ಲ. ನಮ್ಮ ಕಾಲಕ್ಕೆ ಅದು 1948ರ ಇಎಸ್‌ಐ ಕಾಯ್ದೆಯ 73ನೇ ಕಲಮು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಹಳೆ ನಂಬರು ಹಾಕಿ ಪತ್ರ ಬರೆಯಬೇಡಿ, ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಇನ್ನೊಂದು. ಡಾಕ್ಟರ ಹತ್ತಿರ "ಫಿಟ್ಟಾ, ಅನ್‌ಫಿಟ್ಟಾ" ಅಂತ ಕೇಳಿದರೆ ಅವರು ಸುಮ್ನೆ ಅನ್‌ಫಿಟ್ ಅಂತ ಬರೆಯುತ್ತಾರೆ. ಐಸ್ ಪ್ಲಾಂಟ್ ಒಳಗೆ ಏನಿರುತ್ತದೆ ಅಂತ ಅವರಿಗೇನು ಗೊತ್ತು? ಬ್ಲಾಕ್ ಎಳೆಯುವುದು, ಒದ್ದೆ ನೆಲ, ರಾತ್ರಿ ಪಾಳಿ, ಎಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಇದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಕೇಳಿ. ನಮ್ಮಲ್ಲಿ ಒಬ್ಬರಿಗೆ "ಭಾರ ಎತ್ತಬಾರದು, ಆಗಾಗ ಎದ್ದು ಓಡಾಡಬೇಕು" ಅಂತ ಉತ್ತರ ಬಂತು. ಗೇಟಿನ ಲೆಕ್ಕ ಕೊಟ್ಟೆವು. ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಅಂಕೋಲಾದಿಂದ

ನಮ್ಮ ಭಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು, ಕಣ್ಣು ಹೋಯಿತು. ಅದೇ ಸಂಬಳಕ್ಕೆ ಡಿಪೋದಲ್ಲಿ ಬೇರೆ ಕೆಲಸ ಕೊಟ್ಟರು. ಆದರೆ ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮು, ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರಿಗೆ ಆ ಕಟ್ಟುಪಾಡು ಇಲ್ಲ.

ಹೊನ್ನಾವರದಿಂದ

ನಾನು ಆಚೆ ಕಡೆಯವಳು. ಯಜಮಾನರಿಗೆ ಪಾರ್ಶ್ವವಾಯು ಹೊಡೆದಾಗ ಅವರು ಕೆಲಸ ಮಾಡುತ್ತಿದ್ದ ಕಂಪನಿಯವರು ಮನೆಗೇ ಬಂದರು, ಹಣ್ಣು ತಂದರು, ಚೆನ್ನಾಗಿ ಮಾತಾಡಿದರು. ಹೋಗುವಾಗ "ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ" ಅಂತ ಟೈಪ್ ಮಾಡಿದ ಹಾಳೆಗೆ ಎಡಗೈಯಲ್ಲಿ ಸಹಿ ಹಾಕಿಸಿಕೊಂಡರು. ಪಿಎಫ್ ಪಿಂಚಣಿಯಲ್ಲಿ ಒಂದು ದಾರಿ ಇತ್ತು ಅಂತ ಆಮೇಲೆ ತಿಳಿಯಿತು. ಕೆಲಸದಲ್ಲಿರುವಾಗಲೇ ಪೂರ್ತಿ, ಶಾಶ್ವತವಾಗಿ ಅಶಕ್ತರಾದರೆ ಹತ್ತು ವರ್ಷ ತುಂಬಬೇಕಿಲ್ಲ, ಒಂದು ತಿಂಗಳ ವಂತಿಗೆ ಇದ್ದರೂ ಸಾಕು. ಆದರೆ ಕಾಗದದಲ್ಲಿ ಇವರು "ಸ್ವಂತ ಕಾರಣಕ್ಕೆ" ಬಿಟ್ಟವರು. ಅದನ್ನು ಸರಿಪಡಿಸಲು ಓಡಾಡಿದ್ದು ನಮಗೇ ಗೊತ್ತು. ಅಣ್ಣಾ, ನಿಮ್ಮ ಲೆಕ್ಕದವರು ಹೇಳಿದ್ದು ಇದೇ ಹಾಳೆ.

ಕಾರವಾರ, ಪ್ರಶ್ನೆ ಕೇಳಿದವನು

ಅಕ್ಕಾ, ಓದಿ ಬೇಜಾರಾಯಿತು. ಖಂಡಿತ ಬರೆಸಿಕೊಳ್ಳುವುದಿಲ್ಲ. ನಮ್ಮಲ್ಲಿ ಚೀಟಿ ಬರೆಯುವ ಕೆಲಸ ಒಂದಿದೆ, ಸಂಬಳ ಸ್ವಲ್ಪ ಕಡಿಮೆ. ಕೇಳಬಹುದಾ? ಕೊನೆಗೂ ಯಾವ ಕೆಲಸವೂ ಆಗದಿದ್ದರೆ ಏನು?

ಶಿರಸಿಯಿಂದ

ಕೇಳಿ, ಆದರೆ ನೀವೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಮೂರು ತಿಂಗಳಿಗೆ ಅಂತ ಬರೆದುಕೊಂಡು ನೋಡಿ. ನನ್ನ ಅಭಿಪ್ರಾಯ ಕೇಳಿದರೆ ಅಷ್ಟು ದಿನ ಹಳೆ ಸಂಬಳವನ್ನೇ ಕೊಡಿ. ಒಂಬತ್ತು ವರ್ಷ ದುಡಿದವರು.

ಏನೂ ಆಗದಿದ್ದರೆ ವೈದ್ಯಕೀಯ ಮಂಡಳಿಯ ವರದಿ ತರಿಸಿ, ಅವರ ಮಾತನ್ನೂ ಕೇಳಿ, ನೋಟಿಸು ಕೊಟ್ಟು, "ಅನಾರೋಗ್ಯದ ಕಾರಣ" ಅಂತಲೇ ಬರೆದು ಬಿಡುಗಡೆ ಮಾಡಿ. ಅದನ್ನು ಕಾನೂನಿನಲ್ಲಿ ಛಾಟಣಿ (ರಿಟ್ರೆಂಚ್‌ಮೆಂಟ್, ಅಂದರೆ ಕೆಲಸಗಾರರ ಕಡಿತ) ಅನ್ನುವುದಿಲ್ಲ, ಅದರ ಪರಿಹಾರ ಬರುವುದಿಲ್ಲ. ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕೊಡುವ ಹಣ, ಮಾತ್ರ ತಪ್ಪುವುದಿಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ಅಂದುಕೊಳ್ಳಿ. 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಒಂಬತ್ತು ವರ್ಷಕ್ಕೆ 67,500. ಮೂವತ್ತು ದಿನದೊಳಗೆ ಕೊಡಬೇಕು.

ಶಿರಸಿಯ ಇನ್ನೊಬ್ಬರು

ನಮ್ಮದು ನಾಲ್ಕು ಜನರ ಹಾರ್ಡ್‌ವೇರ್ ಅಂಗಡಿ. ಇಎಸ್‌ಐ ಇಲ್ಲ, ಗ್ರಾಚ್ಯುಟಿಯೂ ಹತ್ತು ಜನ ಇದ್ದರೆ ಮಾತ್ರ. ಆದರೂ ಆರು ತಿಂಗಳು ದಾಟಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸೋ ಸಂಬಳವೋ ಕೊಡದೆ ತೆಗೆಯುವಂತಿಲ್ಲ. ಅದು ಕರ್ನಾಟಕದ ಅಂಗಡಿ ಕಾಯ್ದೆ. ಸಣ್ಣವರಿಗೆ ಕಾನೂನೇ ಇಲ್ಲ ಅಂದುಕೊಂಡವರು ಜಾಸ್ತಿ, ಅದಕ್ಕೆ ಹೇಳಿದೆ.

ಕಾರವಾರ, ಪ್ರಶ್ನೆ ಕೇಳಿದವನು

ಎಲ್ಲರಿಗೂ ಧನ್ಯವಾದ. ಲೆಕ್ಕದವರಿಗೂ 34ರ ಪಟ್ಟಿ ಗೊತ್ತಿರಲಿಲ್ಲವಂತೆ. ಸಂಜೆ ಸದಾಶಿವಗಡಕ್ಕೆ, ಅವರ ಮನೆಗೆ ಹೋಗುತ್ತೇನೆ.

ಶಿರಸಿಯಿಂದ

ಹೋಗಿ ಬನ್ನಿ, ಲೆಕ್ಕದವರನ್ನು ಮಾತ್ರ ಕರೆದುಕೊಂಡು ಹೋಗಬೇಡಿ! ಅವರ ಕೊನೆಯ ಇಎಸ್‌ಐ ಸರ್ಟಿಫಿಕೇಟ್ ಯಾವ ತಾರೀಕಿಗೆ ಮುಗಿಯುತ್ತದೆ ಅಂತ ನೋಡಿಕೊಳ್ಳಿ. ಮುಂದಿನದು ಅದರ ಮರುದಿನದಿಂದಲೇ ಇರಬೇಕು, ನಡುವೆ ದಿನ ಬಿಟ್ಟುಹೋದರೆ ಕ್ಲೇಮಿಗೆ ಕಿರಿಕಿರಿ.